‘ಪ್ಲಾಂಟಿನಾಗ ಅದಾನ್ರಿ’: ಕಾಂಕ್ರೀಟ್ ಪ್ಲಾಂಟ್ ಎಂದರೇನು, ಅಲ್ಲಿ ಕೆಲಸ ಹೇಗೆ ನಡೆಯುತ್ತದೆ?

ನಮ್ಮ ಸಂಘಗಳ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಮಾತು ಗುಳೆ ಹೋದವರ ಕಡೆ ತಿರುಗುತ್ತದೆ. ಯಾರ ಮಗ ಎಲ್ಲಿದ್ದಾನೆ, ಯಾರ ಮನೆಗೆ ದುಡ್ಡು ಬಂತು, ಹಬ್ಬಕ್ಕೆ ಯಾರು ಬರ್ತಾರೆ ಇತ್ಯಾದಿ. ಮೊದಲೆಲ್ಲ ‘ಬೆಂಗಳೂರಾಗ ಗೌಂಡಿ ಕೈಕೆಳಗ ಅದಾನ’ ಎನ್ನುತ್ತಿದ್ದ ತಾಯಂದಿರು ಈಗ ಕೆಲವು ವರ್ಷಗಳಿಂದ ‘ಪ್ಲಾಂಟಿನಾಗ ಅದಾನ್ರಿ ಸಿಸ್ಟರ್’ ಎನ್ನುತ್ತಾರೆ. ಯಾವ ಪ್ಲಾಂಟು, ಏನು ಕೆಲಸ ಅಂತ ಕೇಳಿದರೆ ಉತ್ತರ ಇಲ್ಲ. ಒಬ್ಬ ತಾಯಿಯಂತೂ ಪ್ಲಾಂಟ್ ಅಂದರೆ ಸಸಿ ಬೆಳೆಸುವ ನರ್ಸರಿ ಎಂದೇ ತಿಳಿದಿದ್ದರು. ತಪ್ಪೇನಿಲ್ಲ, ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರು!

ಮಗ ಅಥವಾ ಗಂಡ ದಿನಾಲೂ ಯಾವ ಯಂತ್ರದ ಪಕ್ಕ ನಿಲ್ಲುತ್ತಾನೆ ಎಂಬುದು ಮನೆಯವರಿಗೆ ಗೊತ್ತಿರಬೇಕು. ಗೊತ್ತಿದ್ದರೆ ಫೋನಿನಲ್ಲಿ ‘ಊಟ ಆಯ್ತಾ’ ಅಂತ ಕೇಳಿದ ಮೇಲೆ ಇನ್ನೊಂದೆರಡು ಪ್ರಶ್ನೆ ಕೇಳಬಹುದು. ಆ ಪ್ರಶ್ನೆಗಳು ಯಾವುವು ಎಂದು ತಿಳಿಸಲೆಂದೇ ನಾವು ಈ ಲೇಖನ ಬರೆಯುತ್ತಿದ್ದೇವೆ.

ಊರಲ್ಲಿ ಮನೆಯ ಸ್ಲ್ಯಾಬ್ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಒಂದು ಚೀಲ ಸಿಮೆಂಟಿಗೆ ಇಷ್ಟು ಬಾಂಡ್ಲಿ ಉಸುಕು, ಇಷ್ಟು ಬಾಂಡ್ಲಿ ಖಡಿ, ಕೊಡದಲ್ಲಿ ನೀರು. ಅಳತೆಯೆಲ್ಲ ಮೇಸ್ತ್ರಿಯ ಕಣ್ಣಳತೆ. ಹೊತ್ತು ಏರಿದಂತೆ ಬಾಂಡ್ಲಿ ತುಂಬುವವರ ಕೈ ಸೋಲುತ್ತದೆ, ಅಳತೆಯೂ ಸೋಲುತ್ತದೆ. ಒಂದು ಮನೆಗೆ ಇದು ಹೇಗೋ ನಡೆದೀತು. ಆದರೆ ಇಪ್ಪತ್ತು ಅಂತಸ್ತಿನ ಕಟ್ಟಡಕ್ಕೆ, ಮೆಟ್ರೋ ಕಂಬಕ್ಕೆ ನಡೆಯುವುದಿಲ್ಲ. ಅಲ್ಲಿ ಬೆಳಿಗ್ಗೆ ಹಾಕಿದ ಕಾಂಕ್ರೀಟೂ ರಾತ್ರಿ ಹಾಕಿದ ಕಾಂಕ್ರೀಟೂ ಒಂದೇ ಗುಣದ್ದಾಗಿರಬೇಕು. ಅದಕ್ಕಾಗಿ ಎಲ್ಲವನ್ನೂ ತೂಕ ಮಾಡಿ, ಯಂತ್ರದಲ್ಲಿ ಕಲೆಸಿ, ಲಾರಿಯಲ್ಲಿ ಕಳಿಸುವ ಜಾಗವೇ ಬ್ಯಾಚಿಂಗ್ ಪ್ಲಾಂಟ್. ಬ್ಯಾಚ್ ಎಂದರೆ ಒಂದು ಸಲಕ್ಕೆ ಕಲೆಸುವಷ್ಟು ಮಾಲು, ನಮ್ಮ ಭಾಷೆಯಲ್ಲಿ ಒಂದು ‘ಒಬ್ಬೆ’ ಅನ್ನಬಹುದು. ಹೀಗೆ ತಯಾರಾಗಿ ಬರುವುದಕ್ಕೆ ರೆಡಿಮಿಕ್ಸ್ ಎನ್ನುತ್ತಾರೆ. ಇದಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 4926 ಎಂಬ ಪ್ರತ್ಯೇಕ ನಿಯಮಾವಳಿಯೇ ಇದೆ.

ದೂರದಿಂದ ನೋಡಿದರೆ ಮೊದಲು ಕಾಣುವುದು ಎತ್ತರದ ಉಕ್ಕಿನ ಡಬ್ಬಿಗಳು. ಇವು ಸೈಲೋ, ಅಂದರೆ ಸಿಮೆಂಟಿನ ಕಣಜ. ಪ್ಲಾಂಟಿಗೆ ಸಿಮೆಂಟು ಚೀಲದಲ್ಲಿ ಬರುವುದು ಕಡಿಮೆ. ಬಲ್ಕರ್ ಎಂಬ ಟ್ಯಾಂಕರ್ ಲಾರಿಯಲ್ಲಿ ಬಂದು, ಗಾಳಿಯ ಒತ್ತಡದಿಂದ ಕೊಳವೆಯ ಮೂಲಕ ಸೈಲೋದ ತುದಿಗೆ ಏರುತ್ತದೆ. ಪಕ್ಕದ ಸೈಲೋದಲ್ಲಿ ಹಾರುಬೂದಿ ಇರುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುವಾಗ ಉಳಿಯುತ್ತದಲ್ಲ, ಅಂಥ ಬೂದಿಯೇ. ಕೆಲವು ಕಡೆ ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ನುಣ್ಣಗೆ ಅರೆದ ಪುಡಿಯೂ ಇರುತ್ತದೆ. ಸಿಮೆಂಟಿನ ಒಂದು ಪಾಲಿನ ಬದಲಿಗೆ ಇವನ್ನು ಬಳಸುತ್ತಾರೆ. ಇದು ಕಲಬೆರಕೆ ಎಂದು ಕೆಲವರು ತಿಳಿದಿದ್ದಾರೆ, ಹಾಗಲ್ಲ. ನಿಯಮದೊಳಗೆ ಹಾಕಿದರೆ ಕಾಂಕ್ರೀಟಿನ ಬಾಳಿಕೆ ಹೆಚ್ಚುತ್ತದೆ. ಒಟ್ಟಿನಲ್ಲಿ ನಮ್ಮ ಸೀಮೆಯಿಂದ ಬೆಂಗಳೂರಿಗೆ ಗುಳೆ ಹೋಗುವುದು ಜನ ಮಾತ್ರ ಅಲ್ಲ. ವಾಡಿ, ಮಳಖೇಡದ ಸಿಮೆಂಟು ಇದೆ, ನಮ್ಮ ಬೂದಿ ಇದೆ, ನಮ್ಮ ಹುಡುಗರೂ ಇದ್ದಾರೆ.

ಸೈಲೋದ ಕೆಳಗೆ ಇನ್ನೊಂದು ಬದಿಗೆ ಸಾಲಾಗಿ ದೊಡ್ಡ ತೊಟ್ಟಿಗಳು. ಒಂದರಲ್ಲಿ 20 ಮಿಲಿಮೀಟರ್ ಜಲ್ಲಿ, ಒಂದರಲ್ಲಿ ಸಣ್ಣ ಜಲ್ಲಿ, ಉಳಿದವುಗಳಲ್ಲಿ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್. ಲೋಡರ್ ಗಾಡಿ ರಾಶಿಯಿಂದ ತೋಡಿ ತೋಡಿ ತುಂಬಿಸುತ್ತಿರುತ್ತದೆ. ತೊಟ್ಟಿಯ ಅಡಿಯ ಬಾಗಿಲು ತೆರೆದಾಗ ಮಾಲು ತೂಕದ ಹಾಪರಿಗೆ ಬೀಳುತ್ತದೆ. ಸಂತೆಯ ತಕ್ಕಡಿಯ ಹಾಗೆಯೇ, ಆದರೆ ತಕ್ಕಡಿಯ ಬದಲು ಭಾರವನ್ನು ಗುರುತಿಸುವ ಲೋಡ್ ಸೆಲ್ ಎಂಬ ಸಾಧನ ಇರುತ್ತದೆ. ಬೇಕಾದ ತೂಕ ಬಂದ ಕೂಡಲೇ ಬಾಗಿಲು ತಾನೇ ಮುಚ್ಚುತ್ತದೆ. ಅಲ್ಲಿಂದ ಬೆಲ್ಟಿನ ಮೇಲೆ, ಇಲ್ಲವೇ ಹಳಿಯ ಮೇಲೆ ಏರಿಳಿಯುವ ಬಕೆಟಿನಲ್ಲಿ ಮಿಕ್ಸರಿಗೆ ಹೋಗುತ್ತದೆ. ಸಿಮೆಂಟು ಬೇರೆ ತಕ್ಕಡಿಯಲ್ಲಿ, ನೀರು ಬೇರೆ ತಕ್ಕಡಿಯಲ್ಲಿ ತೂಗುತ್ತದೆ. ಜತೆಗೆ ಅಡ್ಮಿಕ್ಸ್ಚರ್ ಎಂಬ ರಾಸಾಯನಿಕ ದ್ರವವೂ ಸೇರುತ್ತದೆ. ಅದು ಸ್ವಲ್ಪವೇ ಸಾಕು. ಕಡಿಮೆ ನೀರಿನಲ್ಲೂ ಕಾಂಕ್ರೀಟ್ ಸರಾಗವಾಗಿ ಹರಿಯುವಂತೆ ಅದು ಮಾಡುತ್ತದೆ.

ಇಷ್ಟನ್ನೂ ನಡೆಸುವವರು ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತ ಒಬ್ಬ ಆಪರೇಟರ್. ಯಾವ ದರ್ಜೆಯ ಕಾಂಕ್ರೀಟ್ ಎಂದು ಒತ್ತಿದರೆ ಅದರ ಪಟ್ಟಿ ತೆರೆಯುತ್ತದೆ. ಎಂ 25 ಎಂದು ಹೇಳುವುದನ್ನು ಕೇಳಿರಬಹುದು. 28 ದಿನ ಕಳೆದ ಮೇಲೆ ಒಂದು ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಡೆಯಬಲ್ಲ ಕಾಂಕ್ರೀಟ್ ಎಂದು ಅದರ ಅರ್ಥ. ಅದಕ್ಕೇ ಪ್ರತಿ ಸಲ 15 ಸೆಂಟಿಮೀಟರಿನ ಘನಾಕಾರದ ಅಚ್ಚುಗಳಲ್ಲಿ ಸ್ವಲ್ಪ ಕಾಂಕ್ರೀಟ್ ತುಂಬಿ, ನೀರಿನ ತೊಟ್ಟಿಯಲ್ಲಿಟ್ಟು, 7ನೇ ದಿನ, 28ನೇ ದಿನ ಒಡೆದು ನೋಡುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರನ್ನು ಲ್ಯಾಬ್ ಸಹಾಯಕರೆಂದು ತೆಗೆದುಕೊಳ್ಳುವುದು ಈ ಕೆಲಸಕ್ಕೆ. ಕಲಿಯುವ ಆಸೆ ಇದ್ದವರಿಗೆ ಪ್ಲಾಂಟಿನಲ್ಲಿ ಇದು ಒಳ್ಳೆಯ ಜಾಗ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನೀರಿನ ಲೆಕ್ಕ. ಉದಾಹರಣೆಗೆ ಒಂದು ಘನ ಮೀಟರ್ ಕಾಂಕ್ರೀಟಿಗೆ 330 ಕಿಲೋ ಸಿಮೆಂಟು, 800 ಕಿಲೋ ಮರಳು, 1,100 ಕಿಲೋ ಜಲ್ಲಿ, 160 ಲೀಟರ್ ನೀರು ಎಂದಿಟ್ಟುಕೊಳ್ಳೋಣ. ಒಟ್ಟು ಸುಮಾರು 2,400 ಕಿಲೋ. ಈ ನೀರು ಸಿಮೆಂಟಿನ ತೂಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ರಾತ್ರಿ ಮಳೆ ಬಂದು ಮರಳು ನೆನೆಯಿತು. ನೂರಕ್ಕೆ ಐದು ಪಾಲು ತೇವ ಎಂದರೂ 800 ಕಿಲೋದಲ್ಲಿ 40 ಕಿಲೋ ನೀರೇ ಆಯಿತು! ಆಪರೇಟರ್ ಇದನ್ನು ಲೆಕ್ಕಕ್ಕೆ ಹಿಡಿಯದೆ ಎಂದಿನ ಹಾಗೆ 160 ಲೀಟರ್ ಬಿಟ್ಟರೆ ಒಳಗೆ ಹೋದದ್ದು 200 ಲೀಟರ್. ಮರಳೂ 40 ಕಿಲೋ ಕಡಿಮೆ ಬಿತ್ತು. ಅದಕ್ಕೇ ಒಳ್ಳೆಯ ಪ್ಲಾಂಟಿನಲ್ಲಿ ಬೆಳಿಗ್ಗೆ ಮರಳಿನ ತೇವ ಪರೀಕ್ಷಿಸದೆ ಕೆಲಸ ಶುರು ಮಾಡುವುದಿಲ್ಲ, ಮಳೆ ಬಂದರೆ ಮತ್ತೆ ನೋಡುತ್ತಾರೆ. ತೂಕದಲ್ಲಿ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದಕ್ಕೂ ಮಿತಿ ಇದೆ. ಸಿಮೆಂಟಿಗೆ ನೂರಕ್ಕೆ ಎರಡು, ನೀರು, ಜಲ್ಲಿ, ಮರಳಿಗೆ ನೂರಕ್ಕೆ ಮೂರು ಎಂದು ಐಎಸ್ 456ರ 2000ನೇ ಇಸವಿಯ ಆವೃತ್ತಿ ಹೇಳುತ್ತದೆ.

ಜೋಳದ ಹಿಟ್ಟಿಗೆ ನೀರು ಜಾಸ್ತಿಯಾದರೆ ರೊಟ್ಟಿ ಬಡಿಯುವ ಕೈಗೆ ಆಗಲೇ ಗೊತ್ತಾಗುತ್ತದೆ. ಕಾಂಕ್ರೀಟಿನಲ್ಲಿ ಹಾಗಲ್ಲ. ನೀರು ಜಾಸ್ತಿಯಾದಷ್ಟೂ ಸುರಿಯುವವರಿಗೆ, ಎಳೆಯುವವರಿಗೆ ಹಗುರ ಅನಿಸುತ್ತದೆ. ದೋಷ ಕಾಣುವುದು ತಿಂಗಳು, ವರ್ಷ ಕಳೆದ ಮೇಲೆ, ಬಿರುಕಾಗಿ, ಸೋರಿಕೆಯಾಗಿ. ಕಟ್ಟಡದ ಜಾಗದಲ್ಲಿ ಲಾರಿ ನಿಂತಾಗ ‘ಗಟ್ಟಿಯಾಗೈತಿ, ಒಂದೆರಡು ಬಕೆಟ್ ಹಾಕು’ ಎಂದು ನೀರು ಸುರಿಯುವ ಅಭ್ಯಾಸ ಇದೆಯಲ್ಲ, ಅದು ಪ್ಲಾಂಟಿನಲ್ಲಿ ಅಷ್ಟು ಕಷ್ಟಪಟ್ಟು ತೂಗಿದ್ದನ್ನೆಲ್ಲ ಹಾಳು ಮಾಡಿದಂತೆ. ಬೇಕಿದ್ದರೆ ಅಡ್ಮಿಕ್ಸ್ಚರ್ ಹಾಕಿಸಬೇಕು, ಅದೂ ಇಂಜಿನಿಯರ್ ಹೇಳಿದ ಮೇಲೆ.

ಇನ್ನು ಮಿಕ್ಸರ್. ಇದು ಪ್ಲಾಂಟಿನ ಹೊಟ್ಟೆ. ಕಬ್ಬಿಣದ ದೊಡ್ಡ ಪೆಟ್ಟಿಗೆಯೊಳಗೆ ದಪ್ಪ ದಂಡಗಳು, ಅವಕ್ಕೆ ಸಲಿಕೆಯಂಥ ಕೈಗಳು. ಅರ್ಧ ನಿಮಿಷದಲ್ಲಿ ಒಂದು ಬ್ಯಾಚ್ ಕಲೆಸಿ, ಅಡಿಯ ಬಾಗಿಲು ತೆರೆದು ಕೆಳಗೆ ನಿಂತ ಲಾರಿಗೆ ಸುರಿಯುತ್ತದೆ. ಒಂದು ಘನ ಮೀಟರಿನ ಮಿಕ್ಸರ್ ಇರುವ ಪ್ಲಾಂಟು ತಾಸಿಗೆ 60 ಬ್ಯಾಚ್ ಕೊಡಬಲ್ಲದು ಎಂದರೆ ನಿಮಿಷಕ್ಕೊಂದು. ಆರು ಬ್ಯಾಚಿಗೆ ಒಂದು ಲಾರಿ ತುಂಬಿತು. ನಮ್ಮ ಹೆಣ್ಣುಮಕ್ಕಳು ಸಾಲಾಗಿ ನಿಂತು ಬಾಂಡ್ಲಿ ದಾಟಿಸುತ್ತಿದ್ದ ಒಂದು ದಿನದ ಕೆಲಸ ಇಲ್ಲಿ ಹತ್ತು ನಿಮಿಷದ್ದು. ಎಷ್ಟೋ ಹೆಣ್ಣಾಳುಗಳಿಗೆ ಈ ಯಂತ್ರ ಬಂದ ಮೇಲೆ ಕೂಲಿ ತಪ್ಪಿದೆ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಲಾರಿಗೆ ಟ್ರಾನ್ಸಿಟ್ ಮಿಕ್ಸರ್ ಎಂದು ಹೆಸರು, ಡ್ರೈವರುಗಳ ಬಾಯಲ್ಲಿ ಟಿಎಂ. ಅದರ ಡ್ರಮ್ಮಿನೊಳಗೆ ಸುರುಳಿಯಾಕಾರದ ತಗಡುಗಳಿವೆ. ಒಂದು ದಿಕ್ಕಿಗೆ ತಿರುಗಿದರೆ ಮಾಲು ಒಳಕ್ಕೆ ಸರಿಯುತ್ತದೆ, ತಿರುವುಮುರುವಾಗಿ ತಿರುಗಿಸಿದರೆ ಹೊರಕ್ಕೆ ಬರುತ್ತದೆ. ನೀರು ಬಿದ್ದ ಗಳಿಗೆಯಿಂದ ಸಿಮೆಂಟು ಗಟ್ಟಿಯಾಗಲು ಶುರು. ತಡಮಾಡುವ ರಾಸಾಯನಿಕ ಹಾಕದಿದ್ದರೆ ತುಂಬಿದ ಎರಡು ತಾಸಿನೊಳಗೆ ಇಳಿಸಬೇಕು ಎಂದು 2003ರ ಐಎಸ್ 4926 ಹೇಳಿತ್ತು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡು ತಾಸು ಎಂದರೆ ಡ್ರೈವರಿನ ಎದೆ ಬಡಿತ ಏನಾಗಿರುತ್ತದೆ ನೀವೇ ಯೋಚಿಸಿ.

ಈಗ ಅಪಾಯದ ಮಾತಿಗೆ ಬರೋಣ. ಇದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇವೆ, ದಯವಿಟ್ಟು ಓದಲು ಬಾರದ ಸದಸ್ಯರಿಗೆ ಓದಿ ಹೇಳಿ.

ಕಾಂಕ್ರೀಟ್ ಎಲ್ಲಿ ಬಿದ್ದರೂ ಅಲ್ಲೇ ಕಲ್ಲಾಗುತ್ತದೆ. ಪಾಳಿ ಮುಗಿದ ಮೇಲೆ ಮಿಕ್ಸರನ್ನು ನೀರಿನಿಂದ ತೊಳೆದರೂ ಗೋಡೆಗೆ, ಕೈಗಳಿಗೆ ಅಂಟಿದ್ದು ಉಳಿಯುತ್ತದೆ. ಅದನ್ನು ಕೆತ್ತಿ ತೆಗೆಯಲು ಯಾರಾದರೂ ಒಳಗೆ ಇಳಿಯಲೇಬೇಕು. ಇಳಿಯುವವರು ಸಾಮಾನ್ಯವಾಗಿ ಹೊಸಬರು, ಹೆಲ್ಪರ್ ಎನಿಸಿಕೊಂಡವರು, ಅಂದರೆ ನಮ್ಮ ಹುಡುಗರು. ಮಿಕ್ಸರಿನಲ್ಲಿ ಇಳಿದವನು ಕೋಣೆಯಲ್ಲಿ ಕುಳಿತ ಆಪರೇಟರಿಗೆ ಕಾಣುವುದಿಲ್ಲ. ಪಾಳಿ ಬದಲಾಗಿ ಬಂದ ಹೊಸ ಆಪರೇಟರಿಗೆ ಒಳಗೆ ಒಬ್ಬ ಇದ್ದಾನೆಂದು ಗೊತ್ತಿರುವುದಿಲ್ಲ. ಒಂದು ಗುಂಡಿ ಒತ್ತಿದರೆ ಮುಗಿಯಿತು, ಆ ಕೈಗಳು ಜಲ್ಲಿಯನ್ನೂ ಮನುಷ್ಯನನ್ನೂ ಬೇರೆಬೇರೆ ಎಂದು ನೋಡುವುದಿಲ್ಲ.

ಇದನ್ನು ತಡೆಯಲು ದುಬಾರಿ ಉಪಕರಣವೇನೂ ಬೇಡ. ಒಂದು ಬೀಗ ಸಾಕು. ಒಳಗೆ ಇಳಿಯುವ ಮೊದಲು ಮಿಕ್ಸರಿನ ಮುಖ್ಯ ವಿದ್ಯುತ್ ಸ್ವಿಚ್ ಆರಿಸಬೇಕು, ಆ ಸ್ವಿಚ್ಚಿಗೆ ಬೀಗ ಹಾಕಬೇಕು, ಬೀಗದ ಕೈ ಒಳಗೆ ಇಳಿಯುವವನ ಜೇಬಿನಲ್ಲೇ ಇರಬೇಕು. ಇಬ್ಬರು ಇಳಿದರೆ ಎರಡು ಬೀಗ. ‘ಮನುಷ್ಯರು ಒಳಗಿದ್ದಾರೆ’ ಎಂಬ ಫಲಕ ತೂಗುಹಾಕಬೇಕು, ಆದರೆ ಫಲಕ ಒಂದೇ ಸಾಲದು. ಕಂಪ್ಯೂಟರಿನಲ್ಲಿ ನಿಲ್ಲಿಸಿದ್ದೇವೆ ಎಂದರೂ ಸಾಲದು. ಅಡಿಯ ಬಾಗಿಲು ಅನೇಕ ಪ್ಲಾಂಟುಗಳಲ್ಲಿ ಗಾಳಿಯ ಒತ್ತಡದಿಂದ ನಡೆಯುತ್ತದೆ, ಕರೆಂಟ್ ಹೋದರೂ ಆ ಒತ್ತಡ ಉಳಿದಿರುತ್ತದೆ. ಅದನ್ನೂ ಬಿಟ್ಟುಬಿಡಬೇಕು. ಮೇಲೆ ನಿಂತ ಬಕೆಟ್ ಜಾರದಂತೆ ಕಟ್ಟಬೇಕು. ಹೊರಗೆ ಒಬ್ಬ ಕಾವಲು ಇರಬೇಕು, ಅವನು ಚಹಾಕ್ಕೆ ಹೋಗಬಾರದು. ಒಂದು ಕಡೆ ನಾವು ‘ಬೀಗ ಎಲ್ಲಿ?’ ಎಂದು ಕೇಳಿದಾಗ ಸೂಪರ್‌ವೈಸರ್ ನಕ್ಕು, ‘ಇಲ್ಲಿ ಎಲ್ಲರೂ ನಂಬಿಕೆ ಮೇಲೆ ಕೆಲಸ ಮಾಡ್ತಾರೆ ಸಿಸ್ಟರ್’ ಅಂದರು. ಆಫೀಸಿನ ಬಾಗಿಲಿಗೆ ಮಾತ್ರ ದೊಡ್ಡ ಬೀಗವೇ ಇತ್ತು.

ಟಿಎಂ ಡ್ರಮ್ಮಿನೊಳಗೆ ಇಳಿದು ಕೆತ್ತುವುದನ್ನು ಚಿಪ್ಪಿಂಗ್ ಎನ್ನುತ್ತಾರೆ. ಅಲ್ಲೂ ಇದೇ ನಿಯಮ, ಲಾರಿಯ ಕೀ ಒಳಗಿದ್ದವನ ಹತ್ತಿರ ಇರಬೇಕು. ಅಲ್ಲಿ ಇನ್ನೊಂದು ಕಂಟಕವೂ ಇದೆ, ಧೂಳು. ಬ್ರೇಕರ್ ಹಚ್ಚಿ ಒಣ ಕಾಂಕ್ರೀಟ್ ಒಡೆದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಪುಪ್ಪಸದ ಆಳಕ್ಕೆ ಹೋಗಿ ಕೂರುತ್ತದೆ, ವರ್ಷಗಳ ಮೇಲೆ ಸಿಲಿಕೋಸಿಸ್ ಎಂಬ ಕಾಯಿಲೆ ಬರುತ್ತದೆ. ಅದನ್ನು ಪೂರ್ತಿ ಗುಣಪಡಿಸುವ ಔಷಧ ಇಲ್ಲ. ಕೆಮ್ಮು, ಉಬ್ಬಸ, ತೂಕ ಇಳಿಯುವುದು, ಎಲ್ಲ ಟಿಬಿಯ ಹಾಗೆಯೇ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಂಭವವೂ ಹೆಚ್ಚು. ಆದ್ದರಿಂದ ಊರಿಗೆ ಬಂದವರನ್ನು ಆಸ್ಪತ್ರೆಗೆ ಕರೆದೊಯ್ದಾಗ ‘ಏನು ಕೆಲಸ ಮಾಡ್ತಾನೆ’ ಎಂಬುದನ್ನು ಡಾಕ್ಟರು ಕೇಳದಿದ್ದರೂ ನೀವಾಗಿ ಹೇಳಿ. ಒಳಗೆ ನೀರು ಚಿಮುಕಿಸಿಯೇ ಒಡೆಯಬೇಕು, ಗಾಳಿ ಆಡಿಸಬೇಕು, ಮುಖಕ್ಕೆ ಸರಿಯಾಗಿ ಕೂರುವ ಎನ್95 ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಮುಖವಾಡ ಬೇಕು. ಟವೆಲ್ ಸುತ್ತಿಕೊಂಡರೆ ಮೂಗಿಗೆ ಸಮಾಧಾನ ಅಷ್ಟೇ, ಪುಪ್ಪಸಕ್ಕೆ ಅಲ್ಲ.

ಮಳೆಗಾಲದಲ್ಲಿ ತೊಟ್ಟಿಯ ಒದ್ದೆ ಮರಳು ಕಚ್ಚಿಕೊಂಡು ಕೆಳಗೆ ಇಳಿಯುವುದಿಲ್ಲ. ಆಗ ‘ಹತ್ತಿ ತುಳಿ’ ಎನ್ನುತ್ತಾರೆ. ಹತ್ತಬಾರದು. ಒಮ್ಮೆಲೇ ಜಾರಿದರೆ ಮನುಷ್ಯನೂ ಅದರ ಜತೆ ಮುಳುಗುತ್ತಾನೆ. ಮೇಲಿನಿಂದ ಉದ್ದದ ಕೋಲಿನಿಂದ ಸಡಿಲಿಸಬೇಕು, ಇಲ್ಲವೇ ತೊಟ್ಟಿಗೆ ಕಂಪನ ಕೊಡುವ ಯಂತ್ರ ಹಚ್ಚಬೇಕು. ಬೆಲ್ಟಿನ ಕೆಳಗೆ ಚೆಲ್ಲಿದ ಜಲ್ಲಿ ಗುಡಿಸುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಬೆಲ್ಟ್ ತಿರುಗುವಾಗ ಗುಡಿಸುವುದು ಬೇಡವೇ ಬೇಡ. ಸೆರಗು, ದುಪಟ್ಟಾ, ಜಡೆ ಎಲ್ಲ ಬಿಗಿಯಾಗಿ ಒಳಗೆ ಸಿಕ್ಕಿಸಿರಬೇಕು. ಬೆಲ್ಟಿನ ಉದ್ದಕ್ಕೂ ಎಳೆದರೆ ನಿಲ್ಲುವ ಒಂದು ಹಗ್ಗ ಇರುತ್ತದೆ, ಅದು ಎಲ್ಲಿದೆ ಎಂದು ಮೊದಲ ದಿನವೇ ನೋಡಿಕೊಳ್ಳಬೇಕು.

ಒದ್ದೆ ಸಿಮೆಂಟು ಬೆಂಕಿಯಿಲ್ಲದೆ ಸುಡುತ್ತದೆ. ಅದರಲ್ಲಿ ಸುಣ್ಣದ ಕ್ಷಾರ ಇದೆ. ಬೂಟಿನೊಳಗೆ ಇಳಿದ ಕಾಂಕ್ರೀಟ್ ಮೊದಲು ಏನೂ ಅನಿಸುವುದಿಲ್ಲ, ಸಂಜೆಗೆ ಬೂಟು ಕಳಚಿದಾಗ ಚರ್ಮ ಕಿತ್ತು ಬಂದಿರುತ್ತದೆ. ತಾಗಿದ ಕೂಡಲೇ ಬಟ್ಟೆ, ಬೂಟು ತೆಗೆದು ಹರಿಯುವ ನೀರಿನಲ್ಲಿ ತುಂಬ ಹೊತ್ತು ತೊಳೆಯಬೇಕು. ಕಣ್ಣಿಗೆ ಬಿದ್ದರೆ ಇಪ್ಪತ್ತು ನಿಮಿಷ ಬಿಡದೆ ಶುದ್ಧ ನೀರು ಹರಿಸಿ ಸೀದಾ ಆಸ್ಪತ್ರೆಗೆ. ಹರಳೆಣ್ಣೆ, ಎದೆಹಾಲು, ತುಪ್ಪ ಏನನ್ನೂ ಹಾಕಬೇಡಿ.

ಪ್ಲಾಂಟಿನ ಪಕ್ಕದಲ್ಲೇ ಶೆಡ್ ಹಾಕಿಕೊಂಡು ಸಂಸಾರ ಮಾಡುವವರಿದ್ದಾರೆ. ಹಿಂದಕ್ಕೆ ಬರುವ ಲೋಡರಿನವನಿಗೆ ಆಡುವ ಮಗು ಕಾಣುವುದಿಲ್ಲ, ಮಕ್ಕಳನ್ನು ಒಳಗೆ ಬಿಡಲೇಬೇಡಿ. ಬಲ್ಕರ್ ಖಾಲಿ ಮಾಡುವಾಗ ಸೈಲೋದ ತುದಿಯಿಂದ ಹೊಗೆಯಂತೆ ಸಿಮೆಂಟು ಏಳುತ್ತಿದ್ದರೆ ಮೇಲಿನ ಫಿಲ್ಟರ್ ಕೆಟ್ಟಿದೆ ಎಂದು ಅರ್ಥ. ಕೂಡಲೇ ನಿಲ್ಲಿಸಲು ಹೇಳಬೇಕು, ಒತ್ತಡ ಕಟ್ಟಿಕೊಂಡರೆ ಸೈಲೋಗೇ ಅಪಾಯ. ಲಾರಿ ತೊಳೆದ ನೀರೂ ಕ್ಷಾರದ್ದೇ. ಅದು ತೊಟ್ಟಿಯಲ್ಲಿ ತಿಳಿಯಾಗಿ ಮತ್ತೆ ಬಳಕೆಯಾಗಬೇಕೇ ಹೊರತು ಕೆರೆಗೋ ಕಾಲುವೆಗೋ ಹರಿಯಬಾರದು. ಸುತ್ತಲಿನವರು ಇಂಥದ್ದನ್ನು ಕಂಡರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ಕೊಡಬಹುದು.

ಕೊನೆಗೆ ಕಾಗದಪತ್ರದ ವಿಷಯ. ಪ್ಲಾಂಟಿನ ಕಂಪ್ಯೂಟರ್ ಪ್ರತಿ ಬ್ಯಾಚಿನಲ್ಲಿ ಎಷ್ಟು ಕಿಲೋ ಏನು ಬಿತ್ತು ಎಂದು ಗಂಟೆ ನಿಮಿಷದೊಂದಿಗೆ ಮುದ್ರಿಸಿ ಕೊಡುತ್ತದೆ. ಆದರೆ ಮಿಕ್ಸರಿನೊಳಗೆ ಇಳಿದ ಹುಡುಗನ ಹೆಸರು ಅನೇಕ ಕಡೆ ಮೇಸ್ತ್ರಿಯ ನೋಟ್‌ಬುಕ್ಕಿನಲ್ಲಿ ಮಾತ್ರ ಇರುತ್ತದೆ, ಅದೂ ಅಡ್ಡಹೆಸರಿನಲ್ಲಿ. ಏನಾದರೂ ಆದರೆ ‘ಅವನು ನಮ್ಮವನಲ್ಲ’ ಎನ್ನಲು ಅಷ್ಟು ಸಾಕು. ಕಾನೂನು ಹಾಗೆ ಹೇಳುವುದಿಲ್ಲ. ಕಂತ್ರಾಟುದಾರನ ಮೂಲಕ ಬಂದ ಆಳಿಗೆ ಕೆಲಸದಲ್ಲಿ ಪೆಟ್ಟಾದರೆ ಮೂಲ ಮಾಲೀಕನೂ ಹೊಣೆ. ಒಂದೇ ಕೆಲಸಕ್ಕೆ ಗಂಡಾಳು, ಹೆಣ್ಣಾಳು ಎಂದು ಎರಡು ಕೂಲಿ ಕೊಡುವಂತಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೌಕರರಿಗೆ ನೇಮಕಾತಿ ಪತ್ರ ಕೊಡಬೇಕು. ಅದನ್ನು ಕೇಳಿ ಪಡೆಯಿರಿ.

ಇನ್ನೊಂದು ಗೊಂದಲ ಇದೆ. ಕಟ್ಟಡದ ಜಾಗದಲ್ಲೇ ಆ ಕೆಲಸಕ್ಕಾಗಿ ಹಾಕಿದ ಪ್ಲಾಂಟಿನಲ್ಲಿ ಇರುವವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ಅರ್ಜಿ ಹಾಕಬಹುದು. ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಊರ ಹೊರಗೆ ಕಾಯಂ ಆಗಿ ಕಾರ್ಖಾನೆಯೆಂದು ನೋಂದಣಿಯಾದ ಪ್ಲಾಂಟಿನವರಿಗೆ ‘ನೀವು ಕಟ್ಟಡದವರಲ್ಲ’ ಎಂದು ಅರ್ಜಿ ವಾಪಸ್ ಮಾಡಬಹುದು. ಹಾಗಿದ್ದರೆ ಅಲ್ಲಿ ಇಎಸ್‌ಐ ಮತ್ತು ಪಿಎಫ್ ಕೇಳಬೇಕು. ಎರಡೂ ಇಲ್ಲ ಎಂಬ ಮಾತನ್ನು ಒಪ್ಪಬೇಡಿ. ನಿಮ್ಮದು ಯಾವ ಬಗೆಯ ಪ್ಲಾಂಟು ಎಂದು ಗೊತ್ತಾಗಲು ಮಗನಿಗೆ ಫೋನ್ ಮಾಡಿ, ಗೇಟಿನ ಬೋರ್ಡಿನ ಫೋಟೋ ಮತ್ತು ಹಾಜರಿ ಕಾರ್ಡಿನ ಫೋಟೋ ಕಳಿಸಲು ಹೇಳಿ. ಅವೆರಡನ್ನು ಮುಂದಿನ ಸಭೆಗೆ ತಂದರೆ ನಮ್ಮ ಕಾರ್ಯಕರ್ತೆಯರು ನೋಡಿ ಹೇಳುತ್ತಾರೆ. 90 ದಿನದ ಕೆಲಸದ ಪ್ರಮಾಣ ಪತ್ರಕ್ಕೆ ಮಾತ್ರ ಯುಗಾದಿಗೆ ಊರಿಗೆ ಬಂದ ಮೇಲೆ ಓಡಾಡುವ ಬದಲು, ಅಲ್ಲಿರುವಾಗಲೇ ಮಾಲೀಕನ ಅಥವಾ ಕಂತ್ರಾಟುದಾರನ ಸಹಿ ಹಾಕಿಸಿಕೊಂಡು ಬರಲು ತಿಳಿಸಿ.